ಮಳೆಯ ಲೆಕ್ಕಕ್ಕೊಂದು ಕೌದಿ

2005ರ ಜುಲೈ 27ರ ಬೆಳಗ್ಗೆ ಎಂಟೂವರೆಗೆ ಮುಂಬೈಯ ಎರಡು ಮಳೆಮಾಪಕಗಳನ್ನು ನೋಡಿ ಬರೆದಿಟ್ಟ ಲೆಕ್ಕ ಹೀಗಿತ್ತು: ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ 73. ಎರಡರ ನಡುವೆ ಇರುವುದು ಇಪ್ಪತ್ತೈದು ಕಿಲೋಮೀಟರಿನೊಳಗಿನ ದಾರಿ. ಒಂದೇ ಊರು, ಒಂದೇ ಹಗಲು, ಒಂದೇ ರಾತ್ರಿ. ಆಗ ನಾನು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಆ ರಾತ್ರಿ ಮನೆಗೆ ಹೋಗಲಾಗದ ಮಕ್ಕಳನ್ನು ಬೆಂಚು ಜೋಡಿಸಿ ಮಲಗಿಸಿಕೊಂಡವರಲ್ಲಿ ನಾನೂ ಒಬ್ಬಳು. ಆದರೆ ಇಲ್ಲಿ ಬರೆಯಹೊರಟಿರುವುದು ಆ ರಾತ್ರಿಯ ಕತೆಯಲ್ಲ, ಆ ಎರಡು ಅಂಕಿಗಳ ಕತೆ. ಅವನ್ನು ಅಳೆಯುವ ಪದ್ಧತಿ ಈ ಊರಿಗೆ ಎಲ್ಲಿಂದ ಬಂತು, ಅಂಕಿ ಬಣ್ಣವಾದದ್ದು ಹೇಗೆ, ಕೊನೆಗೆ ಅದು ನನ್ನ ಕೌದಿಯೊಳಗೆ ಸೇರಿಕೊಂಡದ್ದು ಹೇಗೆ ಎಂಬುದು.

ಮಳೆಗಾಲದಲ್ಲಿ ಮುಂಬೈಯ ಪತ್ರಿಕೆಗಳು ಕೊಲಾಬಾ ಇಷ್ಟು, ಸಾಂತಾಕ್ರೂಜ್ ಇಷ್ಟು ಎಂದು ದಿನವೂ ಛಾಪಿಸುತ್ತವೆ. ಅದನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುವುದು, ಮಕ್ಕಳಿಂದ ವಹಿಯಲ್ಲಿ ಬರೆಸುವುದು ನನ್ನ ರೂಢಿಯಾಗಿತ್ತು. ಜೊತೆಗೆ ನಾನೂ ಒಂದು ವಹಿ ಇಟ್ಟಿದ್ದೆ. ನಿವೃತ್ತಳಾಗಿ ಡೊಂಬಿವಲಿಯ ಮನೆಯಲ್ಲಿ ಕಪಾಟು ಖಾಲಿ ಮಾಡುವಾಗ ರದ್ದಿಗೆ ಹೋಗದೆ ಉಳಿದದ್ದು ಆ ವಹಿಗಳು.

ಕೊಲಾಬಾದ ಅಂಕಿಗಳಿಗೆ ದೊಡ್ಡ ವಂಶಾವಳಿಯಿದೆ. ಈಸ್ಟ್ ಇಂಡಿಯಾ ಕಂಪನಿ ಅಲ್ಲಿ 1826ರಲ್ಲಿ ವೇಧಶಾಲೆ ಕಟ್ಟಿಸಿದ್ದು ಮಳೆಗಾಗಿ ಅಲ್ಲ. ನಕ್ಷತ್ರ ನೋಡಿ ಸಮಯ ಗೊತ್ತುಮಾಡುವುದಕ್ಕೆ. ಹಡಗಿನವರಿಗೆ ಸರಿಯಾದ ಗಡಿಯಾರ ಬೇಕಿತ್ತು, ಗಡಿಯಾರ ತಪ್ಪಿದರೆ ಸಮುದ್ರದಲ್ಲಿ ರೇಖಾಂಶ ತಪ್ಪುತ್ತಿತ್ತು. (ಸಮಯದ ವಿಷಯದಲ್ಲಿ ಈ ಊರು ಹಟಮಾರಿ. ದೇಶವೆಲ್ಲ ಒಂದು ಗಡಿಯಾರಕ್ಕೆ ಬಂದಮೇಲೂ 1955ರವರೆಗೆ ಇಲ್ಲಿ ‘ಬಾಂಬೆ ಟೈಮ್’ ಬೇರೆ ನಡೆಯುತ್ತಿತ್ತು.) 1841ರಿಂದ ಅಲ್ಲಿ ಭೂಮಿಯ ಕಾಂತಬಲವನ್ನೂ ಹವೆಯನ್ನೂ ಅಳೆಯಲು ತೊಡಗಿದರು. ಹೊಣೆ ಹೊತ್ತವರು ಎಲ್ಫಿನ್‌ಸ್ಟನ್ ಕಾಲೇಜಿನ ಪ್ರೊಫೆಸರ್ ಆರ್ಥರ್ ಬೆಡ್‌ಫರ್ಡ್ ಓರ್ಲೆಬಾರ್. ‘ದರ್ಪಣ’ ಪತ್ರಿಕೆಯ ಬಾಳಶಾಸ್ತ್ರಿ ಜಾಂಭೇಕರ್ ಕೂಡ ಕೆಲಕಾಲ ಈ ವೇಧಶಾಲೆಯನ್ನು ನೋಡಿಕೊಂಡರು. ಅಲ್ಲಿ ಉಪಕರಣಗಳ ಮುಂದೆ ಕೂತು ಅಂಕಿ ಬರೆದುಕೊಳ್ಳುತ್ತಿದ್ದ ಹುಡುಗರಲ್ಲಿ ಒಬ್ಬ ಕೇರು ಲಕ್ಷ್ಮಣ ಛತ್ರೆ. ಮುಂದೆ ಪುಣೆಯಲ್ಲಿ ಗಣಿತದ ದೊಡ್ಡ ಮೇಷ್ಟ್ರಾದರು, ಲೋಕಮಾನ್ಯ ತಿಲಕರಿಗೆ ಗುರುವಾದರು.

ಆ ಕೆಲಸ ಎಂಥದ್ದೆಂದು ಸ್ವಲ್ಪ ಯೋಚಿಸಬೇಕು. ಕ್ಯಾಮೆರಾ ಇಲ್ಲ, ತಾನಾಗಿ ಗೆರೆ ಎಳೆಯುವ ಯಂತ್ರ ಇಲ್ಲ. ನೂಲಿನಲ್ಲಿ ತೂಗುಬಿಟ್ಟ ಅಯಸ್ಕಾಂತ ಎಷ್ಟು ತಿರುಗಿದೆ ಎಂದು ದುರ್ಬೀನಿನಲ್ಲಿ ನೋಡಬೇಕು, ಬರೆಯಬೇಕು. ಮುಂದಿನ ತಾಸಿಗೆ ಮತ್ತೆ ನೋಡಬೇಕು. ರಾತ್ರಿಯೂ ಅಷ್ಟೇ. ಅಂಕಿ ಮಾಮೂಲಿನ ಎಲ್ಲೆ ದಾಟಿದರೆ ತಾಸಿಗೊಮ್ಮೆ ಸಾಲದು. ಹದಿನೈದು ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಐದು ನಿಮಿಷಕ್ಕೊಮ್ಮೆ ನೋಡಬೇಕು ಎಂಬುದು ಕಟ್ಟಳೆ.

1859ರ ಸೆಪ್ಟೆಂಬರ್ 2ರ ಹಗಲು ಆ ಕಟ್ಟಳೆ ಕೆಲಸಕ್ಕೆ ಬಂತು. ಹಿಂದಿನ ದಿನ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳಿಗ ಸೂರ್ಯನ ಮೇಲೆ ಬೆಳಕು ಸಿಡಿದದ್ದನ್ನು ಕಂಡಿದ್ದ. ಅದರ ಪೆಟ್ಟು ಭೂಮಿಗೆ ತಾಗಿದಾಗ ಯುರೋಪ್, ಅಮೆರಿಕದ ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿತು. ಕೊಲಾಬಾದಲ್ಲಿ ಭೂಮಿಯ ಸಮತಲ ಕಾಂತಬಲ ಇದ್ದಕ್ಕಿದ್ದಂತೆ ಕುಸಿಯಿತು. ಎಷ್ಟು? ಈಗಿನ ಮಾನದಲ್ಲಿ ಸುಮಾರು 1600 ನ್ಯಾನೊಟೆಸ್ಲಾ. ಹೋಲಿಸಲು ಒಂದು ಅಂಕಿ ಬೇಕಾದರೆ, 1989ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತವನ್ನು ಕತ್ತಲೆಗೆ ತಳ್ಳಿದ ಕಾಂತ ಬಿರುಗಾಳಿಯಲ್ಲಿ ಜಗತ್ತಿನ ಸರಾಸರಿ ಇಳಿತ 600ರ ಒಳಗೇ ಇತ್ತು. ಕೊಲಾಬಾದವರಿಗೆ ಇದು ಸೂರ್ಯನ ಕಿತಾಪತಿ ಎಂದು ಆಗ ತಿಳಿಯುವ ಸಾಧ್ಯತೆಯೇ ಇರಲಿಲ್ಲ. ಅವರು ಕಂಡದ್ದನ್ನು ಬರೆದರು, ಸರ್ಕಾರಿ ವರ್ಷಪುಸ್ತಕದಲ್ಲಿ ಅಚ್ಚಾಯಿತು, ಅಲ್ಲೇ ಮಲಗಿತು. 2003ರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ಗುರುಬಕ್ಷ್ ಲಖೀನಾ, ಶೋಭನಾ ಅಲೆಕ್ಸ್, ಮತ್ತು ಅಮೆರಿಕದ ಬ್ರೂಸ್ ಸುರುತಾನಿ, ಬ್ರೆಜಿಲಿನ ವಾಲ್ಟರ್ ಗೊನ್ಸಾಲೆಸ್ ಸೇರಿ ಆ ಅಂಕಿಗಳನ್ನು ಎತ್ತಿ ಲೋಕದ ಮುಂದಿಟ್ಟಾಗ ಗಮನ ಇತ್ತ ತಿರುಗಿತು. ಅಂದು ದುರ್ಬೀನಿಗೆ ಕಣ್ಣು ಇಟ್ಟಿದ್ದ ಗುಮಾಸ್ತರ ಹೆಸರು ಯಾರ ಬಾಯಲ್ಲೂ ಇಲ್ಲ. ವೇಧಶಾಲೆಯ ಮುಖ್ಯಸ್ಥ ಲೆಫ್ಟಿನೆಂಟ್ ಫರ್ಗುಸನ್ ಎಂಬುದಷ್ಟೇ ಎಲ್ಲರೂ ಉದ್ಧರಿಸುವ ಸಂಗತಿ.

ಅದೇ 1859ರಲ್ಲಿ, ಬಿರುಗಾಳಿ ಕಳೆದು ಎರಡು ತಿಂಗಳೊಳಗೆ ಹುಟ್ಟಿದವರು ನಾನಾಭಾಯ್ ಅರ್ದೇಶಿರ್ ಫ್ರಾಮ್ಜಿ ಮೂಸ್. ಚಾರ್ಲ್ಸ್ ಚೇಂಬರ್ಸ್ ಮೂವತ್ತು ವರ್ಷ ನಡೆಸಿದ್ದ ವೇಧಶಾಲೆಗೆ 1896ರಲ್ಲಿ ಮೂಸ್ ನಿರ್ದೇಶಕರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಪೂರ್ಣಾವಧಿ ನಿರ್ದೇಶಕರು. ಅವರಿಗೆ ಎದುರಾದದ್ದು ಟ್ರಾಮ್. ಕುದುರೆ ಎಳೆಯುತ್ತಿದ್ದ ಟ್ರಾಮ್ ವಿದ್ಯುತ್ತಿಗೆ ಬದಲಾದರೆ ಹಳಿಯ ಕರೆಂಟಿನಿಂದ ಅಯಸ್ಕಾಂತ ದಿಕ್ಕೆಡುತ್ತದೆ, ಅರವತ್ತು ವರ್ಷದ ಲೆಕ್ಕ ಕೆಡುತ್ತದೆ. ಮೂಸ್ ಟ್ರಾಮನ್ನು ನಿಲ್ಲಿಸಲು ಹೋಗಲಿಲ್ಲ. ಸಮುದ್ರದಾಚೆ ಅಲಿಬಾಗಿನಲ್ಲಿ, ಕಬ್ಬಿಣದ ಸೋಂಕಿಲ್ಲದ ಕಲ್ಲಿನ ಕಟ್ಟಡ ಕಟ್ಟಿಸಿ, 1904ರಿಂದ ಎರಡು ವರ್ಷ ಕೊಲಾಬಾ ಮತ್ತು ಅಲಿಬಾಗ್ ಎರಡೂ ಕಡೆ ಒಟ್ಟಿಗೆ ಅಳೆಸಿದರು. ಹಳೆಯ ಸಾಲಿಗೂ ಹೊಸ ಸಾಲಿಗೂ ಎಷ್ಟು ವ್ಯತ್ಯಾಸ ಎಂದು ಖಚಿತವಾದಮೇಲೆ ಮಾತ್ರ ಕಾಂತೋಪಕರಣಗಳು ಊರು ಬಿಟ್ಟವು. 1907ರ ಮೇ ತಿಂಗಳಲ್ಲಿ ವಿದ್ಯುತ್ ಟ್ರಾಮ್ ಓಡಿತು. ಮಳೆಮಾಪಕ ಕೊಲಾಬಾದಲ್ಲೇ ಉಳಿಯಿತು. ಕೌದಿಯಲ್ಲಿ ಎರಡು ತುಂಡು ಸೇರಿಸುವಾಗ ಒಂದರ ಮೇಲೊಂದು ನಾಲ್ಕು ಬೆರಳು ಅಂಚು ಬಿಡಬೇಕೆಂದು ನಮ್ಮವ್ವ ಹೇಳುತ್ತಿದ್ದಳು. ಮೂಸ್ ಬಿಟ್ಟ ಅಂಚು ಎರಡು ವರ್ಷ ಅಗಲದ್ದು.

ಇಷ್ಟೆಲ್ಲ ಅಂಕಿ. ಬಣ್ಣ ಬಂದದ್ದು ಎಲ್ಲಿಂದ? ಬಂದರಿನಲ್ಲಿ ಅದು ಹಳೆಯ ಸಂಗತಿ. ಬಿರುಗಾಳಿಯ ಸೂಚನೆಯೆಂದು ಹಗಲು ಕಂಬಕ್ಕೆ ಶಂಕುವನ್ನೋ ಪೀಪಾಯಿಯನ್ನೋ ಏರಿಸುತ್ತಿದ್ದರು. ರಾತ್ರಿ ಅವುಗಳ ಬದಲು ಕೆಂಪು-ಬಿಳಿ ದೀಪ. ಓದುಬಾರದ ಕೋಳಿ ಸಮುದಾಯದ ಮೀನುಗಾರನೂ ಕೆಂಪಿನ ಮೇಲೆ ಬಿಳಿಯೋ ಬಿಳಿಯ ಮೇಲೆ ಕೆಂಪೋ ನೋಡಿ ದೋಣಿ ಇಳಿಸುವುದೋ ಬೇಡವೋ ತೀರ್ಮಾನಿಸುತ್ತಿದ್ದ. ಕಾಗದದ ಮೇಲೆ, ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಸಾವುಗಳನ್ನು ಬಣ್ಣದ ಎಸಳುಗಳಾಗಿ ಬಿಡಿಸಿದಳು. ತಡೆಯಬಹುದಾಗಿದ್ದ ರೋಗಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೀಲಿ ಉಳಿದೆರಡನ್ನೂ ನುಂಗಿಬಿಟ್ಟಿತ್ತು. ಅಂಕಿಯ ಪಟ್ಟಿ ಓದಲು ಬೇಸರಪಡುವ ಮಂತ್ರಿಗಳಿಗೂ ಅದು ನಾಟಿತು. ನಮ್ಮಲ್ಲಿ 1906ರಲ್ಲಿ ಜಾನ್ ಎಲಿಯಟ್ ಸಿದ್ಧಪಡಿಸಿದ ಭಾರತದ ಹವಾಮಾನ ಅಟ್ಲಾಸ್ ಬಂತು; ಮಳೆಯನ್ನು ನಕಾಶೆಯ ಮೇಲೆ ಛಾಯೆಗಳಲ್ಲಿ ಓದುವ ಅಭ್ಯಾಸ ಶಾಲೆಯ ಅಟ್ಲಾಸಿನವರೆಗೂ ಇಳಿಯಿತು. ಪಶ್ಚಿಮ ಘಟ್ಟಕ್ಕೆ ಕಡುನೀಲಿ, ಬಿಜಾಪುರಕ್ಕೆ ತೆಳುಹಳದಿ ಎಂದು ನಾನೂ ವರ್ಷಗಟ್ಟಲೆ ಮಕ್ಕಳ ಕೈಯಲ್ಲಿ ಕ್ರೇಯಾನ್ ಹಿಡಿಸಿದ್ದೇನೆ. ಈಗ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತದೆ. ಲೋಕಲ್ ಟ್ರೇನಿನಲ್ಲಿ ಕೂತ ತರಕಾರಿಯವಳೂ ‘ಇವತ್ತು ರೆಡ್ ಅಲರ್ಟ್’ ಎನ್ನುತ್ತಾಳೆ.

ಅರಿವೆಯ ಮೇಲೆ ವಿಜ್ಞಾನ ಹೊಲಿದವರು ಹೆಚ್ಚಾಗಿ ಹೆಂಗಸರೇ. ಅಮೆರಿಕದ ಅಯೋವಾದಲ್ಲಿ ಎಲೆನ್ ಹಾರ್ಡಿಂಗ್ ಬೇಕರ್ ಸೌರಮಂಡಲವನ್ನೇ ಉಣ್ಣೆಯ ಕ್ವಿಲ್ಟ್ ಮಾಡಿ, 1876ರ ಇಸವಿ ಹೊಲಿದು, ಅದನ್ನೇ ತೂಗುಹಾಕಿ ಸುತ್ತಲಿನ ಊರುಗಳಲ್ಲಿ ಖಗೋಳದ ಉಪನ್ಯಾಸ ಕೊಟ್ಟಳು. ಅದು ಈಗ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. 2017ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಲೀ ಹೈವುಡ್ ಭೂಮಿಯ ವರ್ಷವರ್ಷದ ಉಷ್ಣತೆಯನ್ನು ಬಣ್ಣದ ಪಟ್ಟೆಗಳಾಗಿಸಿ ಕ್ರೋಶಾ ಕಂಬಳಿ ಹೆಣೆದರು. ಮರುವರ್ಷ ಅಲ್ಲಿಯದೇ ಎಡ್ ಹಾಕಿನ್ಸ್ ನೀಲಿಯಿಂದ ಕೆಂಪಿಗೆ ಏರುವ, ಅಂಕಿಯೇ ಇಲ್ಲದ ಪಟ್ಟೆಚಿತ್ರ ಮಾಡಿದಾಗ ಅದು ಜಗತ್ತೆಲ್ಲ ಹರಡಿತು. ಟೈ, ಕಾಫಿ ಕಪ್ಪಿನ ಮೇಲೂ ಬಂತು. ಕಂಬಳಿ ಮೊದಲು, ಚಿತ್ರ ಆಮೇಲೆ ಎಂಬುದನ್ನು ಟೈ ಕಟ್ಟಿದವರಲ್ಲಿ ಎಷ್ಟು ಮಂದಿ ಬಲ್ಲರೋ.

ಆ ಪಟ್ಟೆಗಳ ಮೇಲೆ ನನಗೆ ಗೌರವವಿದೆ, ತಕರಾರೂ ಇದೆ. ವರ್ಷಕ್ಕೊಂದು ಸರಾಸರಿ, ಸರಾಸರಿಗೊಂದು ಪಟ್ಟೆ ಎಂಬುದು ಇಡೀ ಭೂಗೋಳಕ್ಕೆ ಸರಿ. ಮುಂಬೈಯನ್ನು ಹಾಗೆ ಹೊಲಿದರೆ ಮುಂಬೈ ಕಾಣುವುದಿಲ್ಲ. ಇಲ್ಲಿ ಮಳೆಗಾಲದ ನಾಲ್ಕು ತಿಂಗಳಲ್ಲಿ ಕೊಲಾಬಾಕ್ಕೆ 2000 ಮಿ.ಮೀ. ಮೇಲೆ, ಸಾಂತಾಕ್ರೂಜ್‌ಗೆ 2300ರ ಆಸುಪಾಸು ಬೀಳುತ್ತದೆ. ವರ್ಷದ ಮೊತ್ತ ಹೆಚ್ಚುಕಡಿಮೆಯಾಗುತ್ತದೆ ನಿಜ. ಆದರೆ ಜನ ಸಾಯುವುದು ಮೊತ್ತದಿಂದ ಅಲ್ಲ, ಒಂದು ಮಧ್ಯಾಹ್ನದಿಂದ. ಅದೂ ಊರಿನ ಒಂದು ತುದಿಯಲ್ಲಿ. 2005ರಲ್ಲಿ ಮೀಠಿ ನದಿ ಕುರ್ಲಾ, ಕಲೀನಾದ ಮನೆಗಳೊಳಗೆ ನುಗ್ಗುತ್ತಿದ್ದಾಗ ಚರ್ಚ್‌ಗೇಟಿನ ಆಫೀಸುಗಳಲ್ಲಿ ಕೂತವರಿಗೆ ಏನೂ ಗೊತ್ತಿರಲಿಲ್ಲ. ಕೊಲಾಬಾಕ್ಕೆ ಇದರಿಂದ ವಿನಾಯಿತಿ ಇದೆ ಎಂದಲ್ಲ. 1974ರ ಜುಲೈ 5ರಂದು ಅಲ್ಲೇ ಒಂದು ದಿನಕ್ಕೆ 575.6 ಮಿ.ಮೀ. ಬಿದ್ದದ್ದು ಅದರ ದಾಖಲೆ. ಆದ್ದರಿಂದ ನನ್ನ ಹೊಲಿಗೆಗೆ ಬೇಕಾದದ್ದು ವರ್ಷವಲ್ಲ, ದಿನ. ಒಂದು ಸಾಲಲ್ಲ, ಎರಡು.

ಕೌದಿ ನನಗೆ ಗೊತ್ತಿದ್ದದ್ದು ರೋಣ ತಾಲ್ಲೂಕಿನ ನಮ್ಮ ಮನೆಯಿಂದ. ಹರಿದ ಪತ್ತಲ ಅಡಿಗೆ ಹಾಸಿ, ಹಳೆಯ ಧೋತರ ನಡುವೆ, ಮೇಲೆ ಕುಬಸದ ತುಂಡು, ಗುಳೇದಗುಡ್ಡ ಖಣದ ಚೂರು, ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಉಳಿದದ್ದು. ಅಂಚಿನಿಂದ ಸುತ್ತುತ್ತ ಸಣ್ಣ ಟಾಕು ಹಾಕಿಕೊಂಡು ನಡುವಿಗೆ ಬರುವುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿಯೂ ಅಂಚಿನಿಂದಲೇ ಒಳಗೆ ಬರುತ್ತದೆ. ಮೂಲೆಗೆ ಅವರು ಮಡಿಚಿದ ಪುಟ್ಟ ತ್ರಿಕೋನಗಳ ಹೂ ಕೂಡಿಸುತ್ತಾರೆ. ಮರಾಠಿಯವರ ಗೋಧಡಿ ಇದರ ಅಕ್ಕನೋ ತಂಗಿಯೋ. ಮುಂಬೈಯ ಗಿರಣಗಾವಿನ ಚಾಳುಗಳಲ್ಲಿ ಸಾತಾರಾ, ಕೊಂಕಣ, ಬೆಳಗಾವಿ ಕಡೆಯಿಂದ ಬಂದ ಗಿರಣಿ ಕೆಲಸಗಾರರು ಪಾಳಿಯ ಮೇಲೆ ಮಲಗಿ ಏಳುತ್ತಿದ್ದ ಖೋಲಿಗಳಿಗೆ ಊರಿನಿಂದ ಬರುತ್ತಿದ್ದ ಆಸ್ತಿಯೆಂದರೆ ಗೋಧಡಿ. 1854ರಲ್ಲಿ ಕಾವಸ್‌ಜಿ ದಾವರ್ ಶುರುಮಾಡಿದ ಗಿರಣಿಯಿಂದ ಬೆಳೆದ ಆ ಲೋಕ 1982ರ ಜನವರಿ 18ರಂದು ಶುರುವಾದ ದತ್ತಾ ಸಾಮಂತರ ಮುಷ್ಕರದೊಂದಿಗೆ ಹೆಚ್ಚುಕಡಿಮೆ ಮುಗಿಯಿತು. ಅದರ ಜೊತೆ ಈ ಊರಿನಿಂದ ಹೋದ ಇನ್ನೊಂದು ವಿದ್ಯೆಯಿದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಬಣ್ಣದ ಖಾತೆಯವರ ಕಣ್ಣು. ಅವರ ಹತ್ತಿರ ಶೇಡ್ ಕಾರ್ಡ್ ಇರುತ್ತಿತ್ತು, ಪ್ರತಿ ಛಾಯೆಗೂ ನಂಬರು. ಒಂದು ಲಾಟಿನ ನೀಲಿ ಮುಂದಿನ ಲಾಟಿನ ನೀಲಿಗೆ ಹೊಂದದಿದ್ದರೆ ಥಾನು ವಾಪಸ್. ವೇಧಶಾಲೆಯವರು ಥರ್ಮಾಮೀಟರಿಗೆ ಮಾಡುತ್ತಿದ್ದುದನ್ನು ಇವರು ಬಣ್ಣಕ್ಕೆ ಮಾಡುತ್ತಿದ್ದರು.

ನನ್ನ ಕೆಲಸಕ್ಕೆ ಆ ಕಣ್ಣು ಬೇಕಾಯಿತು. ಮೊದಲು ಮಂಗಲದಾಸ್ ಮಾರ್ಕೆಟ್ಟಿಗೆ ಹೋಗಿ ನೀಲಿಯ ಛಾಯೆಗಳಲ್ಲಿ ಕಟ್‌ಪೀಸ್ ನೋಡಿದೆ, ಕೊಳ್ಳದೆ ಬಂದೆ. ಹೊಸ ಹತ್ತಿಬಟ್ಟೆ ಒಗೆತಕ್ಕೆ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ಇಂದು ‘ಭಾರೀ ಮಳೆ’ ಎಂದು ಹೊಲಿದ ತುಂಡು ನಾಲ್ಕು ಒಗೆತದ ಮೇಲೆ ‘ಸಾಧಾರಣ ಮಳೆ’ ಆಗಿಬಿಡುತ್ತದೆ. ಹೊಸದು-ಹಳೆಯದು ಕೂಡಿಸಬಾರದು ಎಂಬ ನಮ್ಮವ್ವನ ಕಟ್ಟುನಿಟ್ಟನ್ನು ಚಿಕ್ಕಂದಿನಲ್ಲಿ ಜಿಪುಣತನ ಎಂದುಕೊಂಡಿದ್ದೆವು. ಹತ್ತು ವರ್ಷ ಒಗೆದ ಬಟ್ಟೆ ಮಾಸಬೇಕಾದಷ್ಟು ಮಾಸಿ ನಿಂತಿರುತ್ತದೆ, ಅದರ ಮಾತು ಬದಲಾಗುವುದಿಲ್ಲ. ಹಾಗಾಗಿ ಬಿಲ್ಡಿಂಗಿನ ಹೆಂಗಸರಲ್ಲಿ ಹಳೆಯ ನೀಲಿ ಸೀರೆ, ಪರಕರ, ಶಾಲೆಯ ಯೂನಿಫಾರ್ಮ್ ಕೇಳಿ ಪಡೆದೆ.

ಮೊದಲಿಗೆ ಎತ್ತಿಕೊಂಡದ್ದು 2005. ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ 122 ದಿನ. ಒಂದೇ ಸಾಲಿನಲ್ಲಿ ಹೊಲಿದರೆ ಮನೆಯ ಉದ್ದ ಸಾಲದು. ತಿಂಗಳಿಗೊಂದು ಸಾಲು ಮಾಡಿ, ದಿನಕ್ಕೆ ಎರಡೂವರೆ ಇಂಚು ಅಗಲ ಕೊಟ್ಟರೆ 31 ದಿನಕ್ಕೆ ಎಪ್ಪತ್ತೇಳೂವರೆ ಇಂಚು. ಒಂಟಿ ಮಂಚದ ಉದ್ದಕ್ಕೆ ಸರಿಹೋಗುತ್ತದೆ. ಪ್ರತಿ ತಿಂಗಳಿಗೂ ಮೇಲೆ ಸಾಂತಾಕ್ರೂಜ್, ಕೆಳಗೆ ಕೊಲಾಬಾ. ಒಟ್ಟು ಎಂಟು ಸಾಲು. ಜೂನ್, ಸೆಪ್ಟೆಂಬರ್‌ಗಳಿಗೆ ಉಳಿಯುವ ಮೂವತ್ತೊಂದನೆಯ ಜಾಗಕ್ಕೆ ಬಣ್ಣವಿಲ್ಲದ ಮಾದರಪಾಟು. ಮಳೆಯಿಲ್ಲದ ದಿನಕ್ಕೆ ಧೋತರದ ಬಿಳಿ. ಅಲ್ಲಿಂದ ಮುಂದೆ ಹವಾಮಾನ ಇಲಾಖೆಯ ವರ್ಗಗಳನ್ನೇ ಇಟ್ಟುಕೊಂಡೆ: 15.5 ಮಿ.ಮೀ.ವರೆಗೆ ಹಗುರ, 64.4ರವರೆಗೆ ಸಾಧಾರಣ, 115.5ರವರೆಗೆ ಭಾರೀ, 204.4ರವರೆಗೆ ಅತಿ ಭಾರೀ, ಅದರ ಮೇಲೆ ವಿಪರೀತ. ನೀಲಿ ಗಾಢವಾಗುತ್ತ ಹೋಗುತ್ತದೆ.

ಕೊನೆಯ ವರ್ಗಕ್ಕೆ ಇಲಾಖೆಯ ಕೆಂಪನ್ನೇ ಹಾಕೋಣವೆಂದು ಹೊಲಿಯುವ ಮೊದಲು ತುಂಡುಗಳನ್ನು ನೆಲದ ಮೇಲೆ ಜೋಡಿಸಿ ನೋಡಿದೆವು. ಎದುರು ಮನೆಯ ಅಜ್ಜಿ ನೋಡಿದ್ದೇ, “ಇದೇನು ಟೀಚರ್, ಮದುವೆ ಗೋಧಡಿನಾ?” ಅಂದರು. ಅವರ ಕಣ್ಣು ಸರಿಯಾಗಿಯೇ ಇತ್ತು. ನೀಲಿಯ ನಡುವೆ ಕೆಂಪು ಕುಂಕುಮದ ಬಣ್ಣ, ಸೆರಗಿನ ಬಣ್ಣ, ಹಬ್ಬದ ಬಣ್ಣ. ಆ ದಿನ ಊರಿಗೆ ಏನೋ ಒಳ್ಳೆಯದಾಯಿತು ಎನ್ನುವಂತೆ ಕಾಣುತ್ತಿತ್ತು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಕೆಂಪು ಅಪಾಯ, ಮೈಮೇಲಿನ ಬಟ್ಟೆಯಲ್ಲಿ ಅಲ್ಲ. ಯುರೋಪಿನ ಕಂಬಳಿಯಲ್ಲಿ ಕೆಂಪು ಕಂಡು ಎದೆ ಧಸಕ್ಕೆನ್ನಬಹುದು. ಡೊಂಬಿವಲಿಯಲ್ಲಿ ಅದಕ್ಕೆ ಅರಿಶಿನ ಹಚ್ಚುತ್ತಾರೆ. ಕೆಂಪು ತೆಗೆದೆ. ಮಸಿಗೆ ಹತ್ತಿರದ ನೀಲಿ ಉಳಿಯಿತು.

ಇನ್ನೂ ತೊಡಕಿತ್ತು. ವರ್ಗದ ಲೆಕ್ಕದಲ್ಲಿ 205 ಮಿ.ಮೀ.ಗೂ 944ಕ್ಕೂ ಒಂದೇ ಬಣ್ಣ. ಇದಕ್ಕಿಂತ ಗಾಢವಾದ ನೀಲಿ ಅರಿವೆಯಲ್ಲಿಲ್ಲ, ಇದ್ದರೂ ಕಣ್ಣು ಹಿಡಿಯುವುದಿಲ್ಲ. ಕಾಗದದ ನಕಾಶೆಯಾಗಿದ್ದರೆ ಅಲ್ಲಿಗೇ ಕೈಚೆಲ್ಲಬೇಕಿತ್ತು. ಕೌದಿಗೆ ದಪ್ಪ ಎಂಬ ಇನ್ನೊಂದು ದಾರಿಯಿದೆ. ಪ್ರತಿ 200 ಮಿ.ಮೀ.ಗೆ ಒಂದು ಪದರ ಹೆಚ್ಚು ಎಂದು ಗೊತ್ತುಮಾಡಿಕೊಂಡೆ. ಆ ಒಂದು ತುಂಡಿನ ಕೆಳಗೆ ನಾಲ್ಕು ಪದರ ಹೆಚ್ಚಾಗಿ ಕೂತಿದೆ. ಸೂಜಿ ಇಳಿಯಲಿಲ್ಲ, ಗೋಣಿ ಹೊಲಿಯುವ ದಬ್ಬಣ ತರಿಸಬೇಕಾಯಿತು. ಕತ್ತಲಲ್ಲಿ ಕೈ ಆಡಿಸಿದರೂ ಗಂಟು ಸಿಗುತ್ತದೆ. ಅದರ ಕೆಳಗಿನ ಕೊಲಾಬಾದ ತುಂಡು ಮಾತ್ರ ಬರೀ ಚಪ್ಪಟೆ.

ಆ ತುಂಡನ್ನು ಯಾವ ತಾರೀಕಿಗೆ ಕೂಡಿಸಬೇಕು ಎಂಬುದಕ್ಕೆ ಬಿಲ್ಡಿಂಗಿನಲ್ಲಿ ಜಗಳವೇ ಆಯಿತು. ಎಲ್ಲರ ನೆನಪಿನಲ್ಲಿರುವುದು 26 ಜುಲೈ. ಮಧ್ಯಾಹ್ನ ಎರಡು ದಾಟಿ ಶುರುವಾದ ಮಳೆ, ನಿಂತ ಲೋಕಲ್, ಸೊಂಟದ ನೀರಿನಲ್ಲಿ ನಡೆದದ್ದು. ಇಲಾಖೆಯ ಪದ್ಧತಿಯಲ್ಲಿ ಬೆಳಗ್ಗೆ ಎಂಟೂವರೆಗೆ ಮುಗಿಯುವ ಇಪ್ಪತ್ನಾಲ್ಕು ತಾಸಿನ ಮಳೆ, ಮುಗಿದ ದಿನದ ಖಾತೆಗೆ ಹೋಗುತ್ತದೆ. ಅಂದರೆ 944 ಇರುವುದು 27ರ ಹೆಸರಿನಲ್ಲಿ. “ನಾನು ಕುರ್ಲಾದಿಂದ ನಡೆದು ಬಂದದ್ದು ಇಪ್ಪತ್ತಾರಕ್ಕೆ, ನೀವು ಇಪ್ಪತ್ತೇಳಕ್ಕೆ ಹೇಗೆ ಹೊಲಿಯುತ್ತೀರಿ?” ಎಂದು ಮೂರನೇ ಮಹಡಿಯ ಉಡುಪಿ ಕಡೆಯ ಹೆಂಗಸು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದರೂ 27ಕ್ಕೇ ಹೊಲಿದೆ. 1841ರಿಂದ ಬರೆದುಕೊಂಡು ಬಂದವರ ಶಿಸ್ತನ್ನು ನನ್ನ ಅನುಕೂಲಕ್ಕೆ ಮುರಿದರೆ ಮಿಕ್ಕ 121 ದಿನಗಳ ತುಂಡುಗಳನ್ನು ಯಾರು ನಂಬಬೇಕು? ಅವರ ಸಮಾಧಾನಕ್ಕೆ, 26ರ ತುಂಡಿನಿಂದ 27ರ ತುಂಡಿನವರೆಗೆ ಬಿಳಿ ದಾರದಲ್ಲಿ ಒಂದು ಟಾಕಿನ ಸಾಲು ಎಳೆದುಕೊಟ್ಟೆ.

ಆ ಕೌದಿ ಈಗ ಶಾಲೆಗಳಿಗೆ ಹೋಗಿಬರುತ್ತದೆ. ಮಕ್ಕಳು ಮೊದಲು ಕೈ ಹಾಕುವುದು ಗಂಟಿಗೇ. ಇನ್ನೊಂದು ವರ್ಷ ಹೊಲಿಯೋಣವೆಂದು 2025 ಎತ್ತಿಕೊಂಡಾಗ ಅಳತೆಯೇ ತಪ್ಪಿಹೋಯಿತು. ಮುಂಬೈಗೆ ಮುಂಗಾರು ಬರುವ ವಾಡಿಕೆಯ ತಾರೀಕು ಜೂನ್ 11. ಆ ವರ್ಷ ಅದು ಮೇ 26ಕ್ಕೇ ಬಂತು, ದಾಖಲೆಯಲ್ಲೇ ಅತಿ ಬೇಗ. ಕೊಲಾಬಾದಲ್ಲಿ 1918ರಿಂದ ಉಳಿದುಕೊಂಡು ಬಂದಿದ್ದ ಮೇ ತಿಂಗಳ ಮಳೆಯ ದಾಖಲೆ ಮುರಿಯಿತು. ನನ್ನ ನಾಲ್ಕು ತಿಂಗಳ ನಕ್ಷೆಯಲ್ಲಿ ಮೇಗೆ ಜಾಗವಿಲ್ಲ. ಜೂನ್ ಒಂದರಿಂದ ಎಣಿಸಿದರೆ ಆ ವರ್ಷದ ಮುಖ್ಯ ಸಂಗತಿಯೇ ಕೌದಿಯ ಹೊರಗೆ ಉಳಿಯುತ್ತದೆ. ಎರಡು ಸಾಲು ಸೇರಿಸಬೇಕು. ಸೇರಿಸಿದರೆ ಆರಾರು ಇಂಚಿನಂತೆ ಅಗಲ ಒಂದಡಿ ಬೆಳೆಯುತ್ತದೆ, ಒಂಟಿ ಮಂಚಕ್ಕೆ ಇಳಿಬೀಳುತ್ತದೆ. ಪಕ್ಕದಲ್ಲಿಟ್ಟು ಹೋಲಿಸಬೇಕಾದರೆ 2005ಕ್ಕೂ ಮೇ ತಿಂಗಳ ಸಾಲು ಬೇಕು, ಅಲ್ಲಿ ಬಹುಪಾಲು ಧೋತರದ ಬಿಳಿಯೇ ಬರುತ್ತದೆ. ಅಂಚು ಬಿಚ್ಚಿ ಇಟ್ಟಿದ್ದೇನೆ. ಬಿಲ್ಡಿಂಗಿನಲ್ಲಿ ಈಗ ಧೋತರ ಉಡುವವರೇ ಇಲ್ಲ, ಹಳೆಯ ಬಿಳಿ ಬಟ್ಟೆ ಹುಡುಕುತ್ತಿದ್ದೇವೆ.